ನೇತ್ರಾಣಿಯ ಜಲಚರಗಳ ನಡುವೆ

ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿ ಮೊದಲಾದ ಬೆಂಗಳೂರಿನ ಪಶ್ಚಿಮ ಬಡಾವಣೆಗಳಲ್ಲಿ ನೆಲೆನಿಂತಿರುವ ನಮ್ಮ ಕುಟುಂಬಗಳಲ್ಲಿ ಅನೇಕವು ತುಮಕೂರು, ಚಿತ್ರದುರ್ಗ, ದಾವಣಗೆರೆ, ಹಾಸನ ಸೀಮೆಗಳಿಂದ ಬಂದಂಥವು. ಕೆರೆ, ಕಟ್ಟೆ, ತೋಟದ ಬಾವಿಗಳು ನಮಗೆ ಪರಿಚಿತ, ಕಡಲು ಪರಿಚಿತವಲ್ಲ. ಈ ಭಾಗದ ನದಿಯೆನಿಸಿದ ವೃಷಭಾವತಿಯೋ, ಕೆಂಗೇರಿಯನ್ನು ಹಾಯುವಾಗ ಮೂಗು ಮುಚ್ಚಿಕೊಳ್ಳುವಂಥ ಸ್ಥಿತಿಯಲ್ಲಿದೆ. ನೀರಿನೊಳಗೆ ಇಳಿದು ನೋಡುವುದಿರಲಿ, ನೀರಿನ ಬಳಿ ನಿಲ್ಲುವ ಅಭ್ಯಾಸವೇ ನಮ್ಮ ಮಕ್ಕಳಿಗೆ ತಪ್ಪಿಹೋಗಿದೆ. ಇಂಥ ಮಕ್ಕಳು ಈಗ ಕೆಲವು ವರ್ಷಗಳಿಂದ ರಜೆ ಬಂದೊಡನೆ ಮುರುಡೇಶ್ವರಕ್ಕೆ ಹೋಗಿ, ಅಲ್ಲಿಂದ ನೇತ್ರಾಣಿ ದ್ವೀಪಕ್ಕೆ ದೋಣಿಯೇರಿ, ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿಕೊಂಡು ಕಡಲ ತಳವನ್ನು ಕಂಡುಬರುತ್ತಿದ್ದಾರೆ. ಸ್ಕೂಬಾ ಡೈವಿಂಗ್ ಎಂಬ ಈ ವಿದ್ಯೆ ನಮ್ಮ ಮನೆಗಳ ಊಟದ ಹೊತ್ತಿನ ಮಾತಾಗಿದೆ.

ಇದಕ್ಕೆ ಒಂದು ಕಾರಣ ಚಲನಚಿತ್ರ. ಪುನೀತ್ ರಾಜ್‌ಕುಮಾರ್ ಅವರು 2021ರ ಅಕ್ಟೋಬರ್ 29ರಂದು ನಿಧನರಾದರು. ಮರುವರ್ಷ ಅಕ್ಟೋಬರ್ 28ರಂದು ಅವರ 'ಗಂಧದ ಗುಡಿ' ತೆರೆಕಂಡಿತು. ನಾಡಿನ ಕಾಡು, ಹೊಳೆ, ಕಡಲುಗಳ ದರ್ಶನ ಮಾಡಿಸುವ ಆ ಚಿತ್ರದಲ್ಲಿ ಅವರು ನೇತ್ರಾಣಿಯ ನೀರಿನೊಳಗೆ ಇಳಿಯುವ ದೃಶ್ಯಗಳಿವೆ. ರಾಜಾಜಿನಗರಕ್ಕೆ ಸಮೀಪದ ಕಂಠೀರವ ಸ್ಟುಡಿಯೋದಲ್ಲಿರುವ ಅವರ ಸಮಾಧಿಗೆ ಕೈಮುಗಿದು ಬರುವ ತರುಣರಲ್ಲಿ ಎಷ್ಟೋ ಮಂದಿ ನೇತ್ರಾಣಿಯ ಹೆಸರನ್ನು ಮೊದಲು ಕೇಳಿದ್ದೇ ಆ ಚಿತ್ರದಿಂದ. ಹದಿನೇಳು ವರ್ಷದ ನನ್ನ ಮೊಮ್ಮಗಳೂ ಅವರಲ್ಲೊಬ್ಬಳು.

ಅವಳ ತಾಯಿ, ಎಂದರೆ ನನ್ನ ಹಿರಿಯ ಮಗಳು, ಒಂದು ಸಂಜೆ ಬಂದು, "ಅಪ್ಪಾಜಿ, ನೀವೇ ಅವಳಿಗೆ ಬುದ್ಧಿ ಹೇಳಿ. ಅಲ್ಲಿ ಶಾರ್ಕ್ ಇರುತ್ತಂತೆ, ಹಾವಿರುತ್ತಂತೆ, ಬಾಲದಲ್ಲಿ ಚುಚ್ಚಿ ಕೊಲ್ಲುವ ಮೀನೂ ಇರುತ್ತಂತೆ" ಎಂದಳು. ಮಗಳ ಭಯ ನಿರಾಧಾರವಾದುದೇನೂ ಅಲ್ಲ. ಪ್ರಾಣಿಗಳೊಡನೆ ಒಡನಾಡುತ್ತಲೇ ಲೋಕಪ್ರಸಿದ್ಧನಾದ ಆಸ್ಟ್ರೇಲಿಯದ ಸ್ಟೀವ್ ಇರ್ವಿನ್ 2006ರ ಸೆಪ್ಟೆಂಬರ್ 4ರಂದು ತೊರಕೆ ಮೀನಿನ ಬಾಲದ ಮುಳ್ಳು ಎದೆಗೆ ತಾಗಿ ಸತ್ತುದನ್ನು ದೂರದರ್ಶನದಲ್ಲಿ ಕಂಡವರು ಮರೆತಿಲ್ಲ. ಆದರೆ ತಿಳಿಯದೆ 'ಬೇಡ' ಎನ್ನುವುದೂ ತಿಳಿಯದೆ 'ಆಗಲಿ' ಎನ್ನುವುದೂ ಹಿರಿಯರಿಗೆ ಶೋಭಿಸುವ ಮಾತಲ್ಲ. ಎರಡು ತಿಂಗಳು ವೈದ್ಯಮಿತ್ರರನ್ನೂ ಡೈವಿಂಗ್ ತರಬೇತುದಾರರನ್ನೂ ವಿಚಾರಿಸಿ, ದೊರೆತ ಪುಸ್ತಕಗಳನ್ನು ಓದಿ, ಕೊನೆಗೆ ಮಗಳು ಮೊಮ್ಮಗಳೊಡನೆ ನಾನೂ ಹೊರಟೆ. ಅಲ್ಲಿ ಕಂಡದ್ದು, ಕೇಳಿದ್ದು, ಅಲ್ಲಿಂದ ತಿಳಿದದ್ದು ಪತ್ರಿಕೆಯ ಓದುಗ ಬಂಧುಗಳಿಗೂ ಉಪಯುಕ್ತವಾದೀತೆಂದು ಇದನ್ನು ಬರೆಯುತ್ತಿದ್ದೇನೆ.

ಮಠದ ಪಾಠಶಾಲೆಯಲ್ಲಿ ಓದಿದವರಿಗೆ ಅಮರಕೋಶ ಬಾಯಿಪಾಠ. ಅದರಲ್ಲಿ ಕಡಲಿಗೆ ಹೇಳಿದ ಹೆಸರುಗಳಲ್ಲಿ 'ರತ್ನಾಕರ' ಎಂಬುದೊಂದು. ಅದರ ಸನಿಹದಲ್ಲೇ 'ಯಾದಃಪತಿ' ಎಂಬುದೂ ಇದೆ. 'ಯಾದಸ್' ಎಂದರೆ ಜಲಚರ. ಕಡಲು ಜಲಚರಗಳ ಒಡೆಯ. ರತ್ನವನ್ನು ಅರಸಿ ಇಳಿಯುವವನು ತಾನು ಯಾರ ಮನೆಗೆ ಇಳಿಯುತ್ತಿದ್ದೇನೆಂಬುದನ್ನು ತಿಳಿದಿರಬೇಕೆಂದು ಕೋಶಕಾರನು ಉದ್ದೇಶಿಸಿ ಇಟ್ಟನೋ ಇಲ್ಲವೋ, ನನಗಂತೂ ದೋಣಿಯಲ್ಲಿ ಕುಳಿತಾಗ ಆ ಎರಡು ಹೆಸರುಗಳು ಒಟ್ಟಿಗೇ ನೆನಪಾದವು.

ನವರಂಗ್ ವೃತ್ತದ ಬಳಿ ರಾತ್ರಿ ಬಸ್ಸು ಹತ್ತಿದರೆ ತುಮಕೂರು, ಅರಸೀಕೆರೆ, ಶಿವಮೊಗ್ಗಗಳು ನಿದ್ದೆಯಲ್ಲಿಯೇ ಕಳೆದುಹೋಗುತ್ತವೆ. ಸಾಗರ ದಾಟಿ ಗೇರುಸೊಪ್ಪೆಯ ಘಟ್ಟ ಇಳಿಯುವಾಗ ಬೆಳಕು ಹರಿಯತೊಡಗುತ್ತದೆ. ಒಂದು ಪಕ್ಕದಲ್ಲಿ ಶರಾವತಿಯ ಕಣಿವೆ, ಮಂಜು, ಎತ್ತರವಾದ ಮರಗಳು. ಹೊನ್ನಾವರದಲ್ಲಿ ಹೆದ್ದಾರಿ ಸೇರಿ, ಮಂಕಿ ದಾಟಿದರೆ ಮುರುಡೇಶ್ವರ. ಆತ್ಮಲಿಂಗದ ಮೇಲೆ ಹೊದಿಸಿದ್ದ ವಸ್ತ್ರ ಬಿದ್ದ ತಾಣವಿದೆಂದು ಸ್ಥಳಪುರಾಣ. ಮೂರು ಕಡೆ ನೀರಿರುವ ಕಂದುಕಗಿರಿ, 20 ಅಂತಸ್ತಿನ ರಾಜಗೋಪುರ, 123 ಅಡಿ ಎತ್ತರದ ಶಿವನ ವಿಗ್ರಹ ಇವನ್ನೆಲ್ಲ ಓದುಗರು ಬಲ್ಲರಾದ್ದರಿಂದ ವಿಸ್ತರಿಸುವುದಿಲ್ಲ.

ಒಂದು ಮಾತನ್ನು ಮಾತ್ರ ಹೇಳದೆ ಮುಂದೆ ಸಾಗಲಾರೆ. 2024ರ ಡಿಸೆಂಬರ್ 10ರಂದು ಶಾಲಾ ಪ್ರವಾಸದಲ್ಲಿ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ಬಾಲಕಿಯರು ಇದೇ ಕಡಲತೀರದಲ್ಲಿ ಮುಳುಗಿ ಸತ್ತರು. ಅವರನ್ನು ಯಾವ ಮೀನೂ ಮುಟ್ಟಲಿಲ್ಲ, ಯಾವ ಹಾವೂ ಕಚ್ಚಲಿಲ್ಲ. ಮೊಣಕಾಲುದ್ದದ ನೀರೆಂದು ನಂಬಿ ನಿಂತವರನ್ನು ಅಲೆಯ ಹಿನ್ನೆಳೆತವು ಒಳಕ್ಕೆ ಸೆಳೆಯಬಲ್ಲದು. ಶಾರ್ಕಿನ ಹೆಸರು ಕೇಳಿ ನಡುಗುವ ನಾವು ಮಕ್ಕಳನ್ನು ದಡದ ಅಲೆಗೆ ಬಿಟ್ಟು ತಿಂಡಿಯ ಅಂಗಡಿಯತ್ತ ತಿರುಗುತ್ತೇವೆ. ಕಡಲ ಪ್ರಾಣಿಗಳ ವಿಚಾರವನ್ನು ತೂಗುವಾಗ ಈ ತೂಕವೂ ತಕ್ಕಡಿಯಲ್ಲಿರಬೇಕು.

ನೇತ್ರಾಣಿಯು ಭಟ್ಕಳ ತಾಲ್ಲೂಕಿಗೆ ಸೇರಿದ ದ್ವೀಪ. ಮುರುಡೇಶ್ವರದ ತೀರದಿಂದ ಸುಮಾರು 19 ಕಿಲೋಮೀಟರ್ ದೂರ. ಪಾರಿವಾಳದ ದ್ವೀಪವೆಂದೂ ಹೆಸರುಂಟು. ಮಳೆಗಾಲದಲ್ಲಿ ಕಡಲು ಕೆರಳಿರುವುದರಿಂದ ಅತ್ತ ದೋಣಿಗಳು ಹೋಗವು. ಅಕ್ಟೋಬರಿನಿಂದ ಮೇ ತಿಂಗಳವರೆಗೆ ನೀರು ತಿಳಿಯಾಗಿರುವ ಕಾಲ. ಒಂದೂವರೆ ಗಂಟೆಯ ದೋಣಿಯ ಪಯಣದಲ್ಲಿ ನಮ್ಮ ಕಡೆಯವರಲ್ಲಿ ಅರ್ಧ ಮಂದಿಗೆ ಹೊಟ್ಟೆ ತೊಳಸುವುದು ನಿಶ್ಚಯ. ಹತ್ತಿರ ಹೋದಂತೆ ಕಡಿದಾದ ಬಂಡೆ, ಅದರ ಮೇಲೆ ದಟ್ಟ ಹಸಿರು, ಮೇಲೆ ಸುತ್ತುವ ಬಿಳಿಹೊಟ್ಟೆಯ ಕಡಲ ಹದ್ದು. ನೌಕಾಪಡೆಯು ಗುರಿ ಅಭ್ಯಾಸಕ್ಕೆ ಬಳಸಿಕೊಂಡಿದ್ದ ದ್ವೀಪವಿದು. ಡೈವಿಂಗಿಗೆ ಬಂದವರು ದ್ವೀಪವನ್ನು ಹತ್ತುವುದಿಲ್ಲ. ಬಂಡೆಯ ಮರೆಯಲ್ಲಿ ದೋಣಿಗೆ ಲಂಗರು ಹಾಕಿ ಅಲ್ಲಿಂದಲೇ ನೀರಿಗಿಳಿಯುತ್ತಾರೆ.

ನಮ್ಮ ದೋಣಿಯ ತರಬೇತುದಾರ ಮೂವತ್ತರ ಆಸುಪಾಸಿನ ತರುಣ. ಇಳಿಯುವ ಮೊದಲು ಅವನು ಹೇಳಿದ ಮೊದಲ ನಿಯಮ ಪ್ರಾಣಿಗಳ ಕುರಿತಾದುದಲ್ಲ, ಉಸಿರಿನ ಕುರಿತಾದುದು. "ನೀರಿನ ಕೆಳಗೆ ಎಂದೂ ಉಸಿರು ಹಿಡಿಯಬೇಡಿ" ಎಂದ. ಪೂರಕ, ಕುಂಭಕ, ರೇಚಕಗಳಲ್ಲಿ ಕುಂಭಕಕ್ಕೆ ವಿಶೇಷ ಸ್ಥಾನವಿದೆಯೆಂದು ಬಾಲ್ಯದಲ್ಲಿ ಗುರುಗಳಿಂದ ಕಲಿತ ನನಗೆ, ಕುಂಭಕವೇ ನಿಷಿದ್ಧವಾದ ವಿದ್ಯೆಯೊಂದಿದೆ ಎಂಬುದು ಸೋಜಿಗವೆನಿಸಿತು. ಕಾರಣ ಸರಳವಾದದ್ದು. ಹತ್ತು ಮೀಟರ್ ಆಳದಲ್ಲಿ ಒತ್ತಡವು ಮೇಲ್ಮೈಗಿಂತ ಎರಡರಷ್ಟು. ಅಲ್ಲಿ ಶ್ವಾಸಕೋಶ ತುಂಬ ಎಳೆದುಕೊಂಡ ಗಾಳಿ, ಮೇಲೆ ಬರುವಷ್ಟರಲ್ಲಿ ಎರಡರಷ್ಟು ಹಿಗ್ಗುತ್ತದೆ. ಬಾಯಿ ಬಿಗಿದು, ಉಸಿರು ಕಟ್ಟಿ, ಸರ್ರನೆ ಮೇಲೇರಿದರೆ ಶ್ವಾಸಕೋಶ ಹರಿದುಹೋಗಬಹುದು. ಗಾಳಿಯ ಗುಳ್ಳೆಗಳು ರಕ್ತಕ್ಕೆ ಸೇರಿ ಮೆದುಳನ್ನು ಮುಟ್ಟಬಹುದು.

ಇಲ್ಲಿಯೇ ಪ್ರಾಣಿಗಳ ವಿಚಾರ ಬರುತ್ತದೆ. ಬಂಡೆಯ ಬಿಲದಿಂದ ತಲೆ ಹೊರಗಿಟ್ಟು ಬಾಯಿ ತೆರೆದು ಮುಚ್ಚಿ ಮಾಡುವ ಮೋರೆ ಈಲ್ ಎಂಬ ಹಾವುಮೀನು ನೇತ್ರಾಣಿಯಲ್ಲಿ ಕಾಣಸಿಗುತ್ತದೆ. ಹಲ್ಲು ತೋರಿಸಿ ಹೆದರಿಸುತ್ತಿದೆಯೆಂದೇ ಹೊಸಬರಿಗೆ ತೋರುತ್ತದೆ. ವಾಸ್ತವವಾಗಿ ಅದು ಉಸಿರಾಡುತ್ತಿದೆ; ಕಿವಿರುಗಳಿಗೆ ನೀರು ಹಾಯಿಸಲು ಅದು ಹಾಗೆ ಬಾಯಾಡಿಸಲೇಬೇಕು. ಇದನ್ನು ಅರಿಯದ ಹುಡುಗನೊಬ್ಬ ಬೆಚ್ಚಿ ಉಸಿರು ಹಿಡಿದು ಮೇಲಕ್ಕೆ ಜಿಗಿದರೆ, ಕಚ್ಚದ ಮೀನಿನಿಂದಲೂ ಪ್ರಾಣಾಪಾಯವಾದೀತು. ನೀರಿಗಿಳಿಯುವ ಮಕ್ಕಳಿಗೆ ಪ್ರಾಣಿಗಳ ಚಿತ್ರಗಳನ್ನು ಮುಂಚಿತವಾಗಿ ತೋರಿಸಿ, ಇದು ಹೀಗೆ ಮಾಡುತ್ತದೆ, ಅದು ಹಾಗೆ ಮಾಡುತ್ತದೆ ಎಂದು ತಿಳಿಹೇಳುವುದು ಕುತೂಹಲಕ್ಕಾಗಿಯಲ್ಲ, ರಕ್ಷಣೆಗಾಗಿ ಎಂಬುದು ನನಗೆ ಮನದಟ್ಟಾಯಿತು.

ಎರಡನೆಯ ನಿಯಮ: ಏನನ್ನೂ ಮುಟ್ಟಬಾರದು. ಮೀನನ್ನಲ್ಲ, ಹವಳವನ್ನಲ್ಲ, ಬಂಡೆಯನ್ನೂ ಅಲ್ಲ. ನನ್ನ ಮಗಳು ರಾಜಾಜಿನಗರದ ಅಂಗಡಿಯಿಂದ ದಪ್ಪನೆಯ ಕೈಗವಸು ಕೊಂಡು ತಂದಿದ್ದಳು. ತರಬೇತುದಾರ ಅದನ್ನು ನೋಡಿ ನಕ್ಕು, "ಇದನ್ನು ದೋಣಿಯಲ್ಲೇ ಬಿಡಿ ಅಕ್ಕ, ಕೈಗವಸು ಹಾಕಿದವರೇ ಹೆಚ್ಚು ಮುಟ್ಟುತ್ತಾರೆ" ಎಂದ. ಮುಟ್ಟುವ ಧೈರ್ಯವನ್ನು ಅದು ಕೊಡುತ್ತದೆ. ಮುಳ್ಳನ್ನು ತಡೆಯುವ ಶಕ್ತಿ ಅದಕ್ಕಿಲ್ಲ. ಮೈಗೆ ಅಂಟಿದಂತಿರುವ ಪೂರ್ಣತೋಳಿನ ರಬ್ಬರ್ ಉಡುಪು ಬೇರೆ ಮಾತು. ಅದು ಜೆಲ್ಲಿ ಮೀನಿನ ದಾರಗಳಿಂದಲೂ ಬಂಡೆಯ ತರಚಿನಿಂದಲೂ ಕಾಯುತ್ತದೆ.

ಮುಟ್ಟಬಾರದವುಗಳಲ್ಲಿ ಲಯನ್ ಫಿಶ್ ಎಂಬ ಸಿಂಹಮೀನು ಅತ್ಯಂತ ಸುಂದರವಾದದ್ದು. ಕೆಂಪು ಬಿಳಿ ಪಟ್ಟೆ, ಬೀಸಣಿಗೆಯಂತೆ ಹರಡಿದ ರೆಕ್ಕೆ. ಹತ್ತಿರ ಹೋದರೂ ಓಡುವುದಿಲ್ಲ. ತನ್ನ ಬೆನ್ನಿನ ವಿಷದ ಮುಳ್ಳುಗಳ ಮೇಲೆ ಅದಕ್ಕೆ ಅಷ್ಟು ಭರವಸೆ. ಅದು ಸ್ನೇಹದಿಂದ ನಿಂತಿದೆಯೆಂದು ಹುಡುಗರು ಭ್ರಮಿಸಿ ಕೈಚಾಚುತ್ತಾರೆ. ಇದಕ್ಕೆ ನೇರ ವಿರುದ್ಧವಾದದ್ದು ಅದರದೇ ಬಂಧುವಾದ ಚೇಳುಮೀನು. ಪಾಚಿ ಹಿಡಿದ ಕಲ್ಲಿನಂತೆ ಕಲ್ಲಿನ ಮೇಲೆಯೇ ಕುಳಿತಿರುತ್ತದೆ. ಹತ್ತು ಬಾರಿ ನೋಡಿದವರಿಗೂ ಕಾಣದು. ಇದೇ ಬಳಗದ ಸ್ಟೋನ್ ಫಿಶ್ ಎಂಬ ಕಲ್ಲುಮೀನಿನ ವಿಷ ಇನ್ನೂ ತೀವ್ರ. ಬಂಡೆಯ ಸಂದುಗಳಲ್ಲಿ ಕಡಲ ಮುಳ್ಳುಚೆಂಡುಗಳು ಕಪ್ಪು ಸೂಜಿಗಳ ರಾಶಿಯಂತಿರುತ್ತವೆ. ಕಾಲು ತಾಗಿದರೆ ಸೂಜಿ ಒಳಗೇ ಮುರಿದು ಉಳಿಯುತ್ತದೆ. ಟ್ರಿಗರ್ ಮೀನಿನ ಕೆಲವು ಜಾತಿಗಳು ಮಾತ್ರ ಗೂಡು ಕಾಯುವ ಕಾಲದಲ್ಲಿ ತಾವಾಗಿ ಬೆನ್ನಟ್ಟಿಬಂದು ಕಚ್ಚುವುದುಂಟು. ಅದು ತನ್ನದೆಂದು ಕಾಯುವ ಪ್ರದೇಶ ಗೂಡಿನಿಂದ ಮೇಲಕ್ಕೆ ಅಗಲವಾಗುತ್ತ ಹೋಗುವುದರಿಂದ, ಮೇಲಕ್ಕೆ ಈಜಿದಷ್ಟೂ ಅದರ ಸೀಮೆಯಲ್ಲೇ ಇರುತ್ತೇವೆ. ಅಡ್ಡಕ್ಕೆ ಈಜಿ ದೂರ ಸರಿಯಬೇಕು. ಬರಾಕುಡಾ ಮೀನು ಮಿನುಗುವ ವಸ್ತುವನ್ನು ಸಣ್ಣ ಮೀನೆಂದು ತಪ್ಪಾಗಿ ತಿಳಿಯಬಹುದಾದ್ದರಿಂದ ಬಳೆ, ಸರ, ಉಂಗುರಗಳನ್ನು ದಡದಲ್ಲೇ ತೆಗೆದಿಡುವುದು ಲೇಸು. ಶಾರ್ಕುಗಳಂತೂ ಮನುಷ್ಯ ಬಂದ ಸದ್ದಿಗೆ ಬಹುತೇಕ ದೂರ ಸರಿಯುತ್ತವೆ. ಅವುಗಳಲ್ಲಿ ಎಲ್ಲಕ್ಕಿಂತ ದೊಡ್ಡದಾದ ತಿಮಿಂಗಿಲ ಶಾರ್ಕ್ ಅತಿ ಸೂಕ್ಷ್ಮ ಜೀವಿಗಳನ್ನೂ ಚಿಕ್ಕ ಮೀನುಗಳನ್ನೂ ಸೋಸಿ ತಿನ್ನುವ ಸಾಧುಪ್ರಾಣಿ.

ಈ ಪಟ್ಟಿಯನ್ನು ನೋಡಿದರೆ ಒಂದು ಸಂಗತಿ ಎದ್ದುಕಾಣುತ್ತದೆ. ಗೂಡು ಕಾಯುವ ಆ ಒಂದು ಮೀನನ್ನು ಬಿಟ್ಟರೆ ಉಳಿದವುಗಳಲ್ಲಿ ಹೆಚ್ಚಿನವು ನಮ್ಮನ್ನು ಅರಸಿ ಬರುವುದಿಲ್ಲ. ನಾವು ಕೈಯಿಟ್ಟಾಗ, ಕಾಲೂರಿದಾಗ, ಬಿಲದೊಳಗೆ ಬೆರಳು ತೂರಿದಾಗ, ತಿನ್ನಿಸಲು ಹೋದಾಗ ಗಾಯವಾಗುತ್ತದೆ. ತರಬೇತಿ ಬೇಕಾಗಿರುವುದು ನಮ್ಮ ಕೈಗೂ ಕಾಲಿಗೂ. ಮೊಮ್ಮಗಳನ್ನು ನಮ್ಮ ಭಾಗದ ಈಜುಕೊಳವೊಂದಕ್ಕೆ ಆರು ವಾರ ಕಳಿಸಿದ್ದು ಇದೇ ಕಾರಣದಿಂದ. ನೀರಿನ ನಡುವೆ ಮುಳುಗದೆ ತೇಲದೆ ಒಂದೇ ಮಟ್ಟದಲ್ಲಿ ನಿಲ್ಲಲು ಬಾರದವನು ಆಸರೆಗಾಗಿ ಬಂಡೆಯನ್ನು ಹಿಡಿದೇ ಹಿಡಿಯುತ್ತಾನೆ. ಹಿಡಿದ ಬಂಡೆ ಬಂಡೆಯೇ ಆಗಿರಬೇಕೆಂದಿಲ್ಲ.

ತೊರಕೆಯ ವಿಷಯವನ್ನು ನಮ್ಮ ದೋಣಿಯ ಹಿರಿಯ ನಾವಿಕರಲ್ಲಿ ಕೇಳಿದೆ. ಖಾರ್ವಿ ಸಮುದಾಯದ ಅವರು ಐದು ದಶಕ ಬಲೆ ಬೀಸಿದವರು. "ಮರಳಿನಲ್ಲಿ ಹುಗಿದುಕೊಂಡು ಮಲಗಿರ್ತದೆ ಸ್ವಾಮಿ. ನಾವು ಕಾಲೆತ್ತಿ ಇಡೂದಿಲ್ಲ, ಎಳೆದು ಎಳೆದು ಇಡ್ತೇವೆ. ಸದ್ದಾದ್ರೆ ಅದೇ ಹೋಗ್ತದೆ. ಮೇಲಿಂದ ಮೆಟ್ಟಿದ್ರೆ ಬಾಲ ಬೀಸ್ತದೆ" ಎಂದರು. ಪಾಶ್ಚಾತ್ಯ ಗ್ರಂಥಗಳಲ್ಲಿ ಈ ಉಪಾಯವನ್ನು ನಾನು ಓದಿದ್ದೆ. ಆ ಗ್ರಂಥಗಳನ್ನು ಕಾಣದವರ ಬಾಯಿಂದ ಅದನ್ನೇ ಕೇಳಿದಾಗ ನಂಬಿಕೆ ಹೆಚ್ಚಿತು. ಡೈವಿಂಗ್ ಮಾಡುವವರು ತೊರಕೆಯ ಮೇಲ್ಗಡೆಯಿಂದ ಈಜಬಾರದು, ಅದು ಓಡುವ ದಾರಿಯನ್ನು ಕಟ್ಟಬಾರದು ಎಂಬುದೂ ಇದರೊಂದಿಗೆ ಸೇರಬೇಕಾದ ಮಾತು.

ಕಡಲ ಹಾವಿನ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕಾದದ್ದು. ಹುಟ್ಟುಗೋಲಿನಂತೆ ಚಪ್ಪಟೆಯಾದ ಬಾಲದಿಂದ ಅದನ್ನು ಗುರುತಿಸಬಹುದು. ಉಸಿರಿಗಾಗಿ ಅದು ಆಗಾಗ ಮೇಲೆ ಬರುತ್ತದೆ. ಹಾಗೆ ಬರುವಾಗ ಕಂಡರೆ ನಮ್ಮ ಮೇಲೆ ಬರುತ್ತಿದೆಯೆಂದು ತಿಳಿಯಬೇಕಿಲ್ಲ. ಸ್ವಭಾವತಃ ಸಾಧು, ಆದರೆ ವಿಷ ಪ್ರಬಲ. ಕಡಿತಕ್ಕೆ ಒಳಗಾಗುವವರು ಹೆಚ್ಚಾಗಿ ಡೈವಿಂಗಿನವರಲ್ಲ, ಬಲೆಯಿಂದ ಮೀನು ಬಿಡಿಸುವ ಬೆಸ್ತರು. ಕಡಿದಾಗ ನೋವೇ ತಿಳಿಯದಿರಬಹುದು. ಅರ್ಧ ಗಂಟೆಯಿಂದ ಕೆಲವು ಗಂಟೆಗಳ ನಂತರ ಮೈಯೆಲ್ಲ ನೋವು, ಸ್ನಾಯುಗಳ ಬಿಗಿತ, ಮೂತ್ರ ಕಪ್ಪಾಗುವುದು, ಉಸಿರಾಟ ಕುಂದುವುದು. ನಮ್ಮ ದೇಶದ ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ದೊರೆಯುವ ಹಾವಿನ ಪ್ರತಿವಿಷವನ್ನು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಎಂಬ ನಾಲ್ಕು ನೆಲದ ಹಾವುಗಳಿಗಾಗಿ ತಯಾರಿಸುತ್ತಾರೆ. ಕಡಲ ಹಾವಿನ ವಿಷ ಅದರ ವ್ಯಾಪ್ತಿಗೆ ಬರುವುದಿಲ್ಲ. ಆದಕಾರಣ ಕಡಿದವನನ್ನು ನಡೆಸದೆ, ಕಡಿದ ಅಂಗಕ್ಕೆ ಅಗಲವಾದ ಬ್ಯಾಂಡೇಜು ಸುತ್ತಿ, ದಬ್ಬೆ ಕಟ್ಟಿ ಅಲುಗಿಸದೆ, ಕೃತಕ ಉಸಿರಾಟದ ಯಂತ್ರವೂ ಡಯಾಲಿಸಿಸ್ ಸೌಕರ್ಯವೂ ಇರುವ ದೊಡ್ಡ ಆಸ್ಪತ್ರೆಗೆ ತಡವಿಲ್ಲದೆ ಒಯ್ಯಬೇಕು. ವೈದ್ಯರಿಗೆ 'ಕಡಲಲ್ಲಿ ಕಡಿದದ್ದು' ಎಂದು ಸ್ಪಷ್ಟವಾಗಿ ತಿಳಿಸಬೇಕು. ನೋವಿಲ್ಲವೆಂದು ಸುಮ್ಮನಿರುವುದು ಕೂಡದು.

ಮೊಮ್ಮಗಳು ನೀರಿಗೆ ಇಳಿದಾಗ ಹನ್ನೊಂದೂವರೆ ಗಂಟೆ. ಅವಳ ಗುಳ್ಳೆಗಳು ಮೇಲೆ ಬರುವುದನ್ನೇ ಮಗಳು ಎಣಿಸುತ್ತ ಕುಳಿತಳು. ಅರ್ಧ ಗಂಟೆಯೊಳಗೆ ಹುಡುಗಿ ನಗುತ್ತ ಮೇಲೆ ಬಂದು, "ತಾತ, ಸಿಂಹಮೀನು ನೋಡಿದೆ, ಕೈ ಕಟ್ಟಿಕೊಂಡೇ ಇದ್ದೆ" ಎಂದು ತನ್ನ ಎದೆಯ ಮೇಲೆ ಕೈಗಳನ್ನು ಮಡಚಿ ತೋರಿಸಿದಳು. ನಮ್ಮ ನೆಮ್ಮದಿ ಹೆಚ್ಚು ಹೊತ್ತು ಉಳಿಯಲಿಲ್ಲ. ನಂತರದ ತಂಡದಲ್ಲಿ ಇಳಿದವರು ನಮ್ಮದೇ ವಿಜಯನಗರದ ನಾಲ್ವರು ಗೆಳೆಯರು. ಅವರಲ್ಲೊಬ್ಬ ಛಾಯಾಚಿತ್ರಕ್ಕೆ ನಿಲ್ಲಲು ಬಂಡೆಯ ಮೇಲೆ ಅಂಗೈ ಊರಿದ. ಬಂಡೆಯ ಒಂದು ಭಾಗ ಎದ್ದು ಈಜಿಹೋಯಿತೆಂದು ತರಬೇತುದಾರ ಆಮೇಲೆ ಹೇಳಿದ. ಚೇಳುಮೀನು. ತರುಣನ ತೋಳು ಹಿಡಿದು, ಕಣ್ಣಲ್ಲಿ ಕಣ್ಣಿಟ್ಟು, ಉಸಿರು ಬಿಡುವಂತೆ ಸನ್ನೆ ಮಾಡುತ್ತ ನಿಧಾನವಾಗಿಯೇ ಅವನನ್ನು ಮೇಲೆ ತಂದ. ನೋವಿನಿಂದ ಅವನು ಮೇಲಕ್ಕೆ ಹಾರಿದ್ದರೆ ಏನಾಗುತ್ತಿತ್ತೆಂಬುದನ್ನು ಹಿಂದೆ ಹೇಳಿದ್ದೇನೆ.

ದೋಣಿಗೆ ಬಂದ ಮೇಲೆ ಅವನ ಸಂಕಟ ನೋಡಲಾಗದಂತಿತ್ತು. ಎರಡು ಬೆರಳು ಕೆಂಪಗೆ ಊದಿ, ನೋವು ಮೊಣಕೈಗೆ ಏರಿತ್ತು. ಗೆಳೆಯರಲ್ಲಿ ಒಬ್ಬ ತೋಳಿಗೆ ಹಗ್ಗ ಬಿಗಿಯಲು ಹೊರಟ. ಇನ್ನೊಬ್ಬ ಸುಣ್ಣ ಹಚ್ಚೋಣವೆಂದ. ಮತ್ತೊಬ್ಬ ಐಸ್ ಕೇಳಿದ. ತರಬೇತುದಾರ ಮೂರನ್ನೂ ತಡೆದು, "ಬಿಸಿನೀರು ಕೊಡಿ" ಎಂದ. ಫೋನಿನಲ್ಲಿ ಅವನೇ ಹೇಳಿದ್ದರಿಂದ ನನ್ನ ಮಗಳು ಬೆಳಿಗ್ಗೆ ವಸತಿಗೃಹದಲ್ಲಿ ಎರಡು ಫ್ಲಾಸ್ಕು ಬಿಸಿನೀರು ತುಂಬಿ ತಂದಿದ್ದಳು. ಕಾಫಿಯ ಫ್ಲಾಸ್ಕು ಬೇರೆ. ಮೀನಿನ ಮುಳ್ಳಿನ ವಿಷದಲ್ಲಿ ಪ್ರೋಟೀನು ಪ್ರಧಾನ. ಕಾವಿಗೆ ಅದು ಕೆಡುತ್ತದೆ. ಗಾಯವಾದ ಅಂಗವನ್ನು ಸುಮಾರು 45 ಡಿಗ್ರಿ ಸೆಲ್ಸಿಯಸ್ ಮೀರದ, ಸಹಿಸಬಲ್ಲಷ್ಟು ಬಿಸಿಯಾದ ನೀರಿನಲ್ಲಿ 30ರಿಂದ 90 ನಿಮಿಷ ಅದ್ದಿಡಬೇಕು. ನೋವಿನಲ್ಲಿರುವ ಕೈಗೆ ಬಿಸಿಯ ಅಂದಾಜು ಸಿಗದೆ ಸುಟ್ಟುಹೋಗಬಹುದಾದ್ದರಿಂದ, ಮೊದಲು ಗಾಯವಿಲ್ಲದ ಕೈಯಿಂದ ನೀರನ್ನು ಪರೀಕ್ಷಿಸಬೇಕು. ಬಕೀಟಿನಲ್ಲಿ ತಣ್ಣೀರು ಬೆರೆಸಿ ಹದಮಾಡಿ ಕೈ ಅದ್ದಿಸಿದರು. ಆರಿದಂತೆಲ್ಲ ಫ್ಲಾಸ್ಕಿನಿಂದ ಸ್ವಲ್ಪ ಸ್ವಲ್ಪ ಸೇರಿಸಿದರು. ಕಾಲು ಗಂಟೆಯಲ್ಲಿ ಹುಡುಗ ಅಳು ನಿಲ್ಲಿಸಿದ. ಎರಡು ಫ್ಲಾಸ್ಕು ನೀರು ಸುಮಾರು ನಲವತ್ತು ನಿಮಿಷಕ್ಕೆ ಸಾಕಾಯಿತು. ದಡ ಸೇರಿದ ಮೇಲೆ ಭಟ್ಕಳದ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದು, ಮುರಿದು ಉಳಿದಿದ್ದ ಮುಳ್ಳಿನ ಚೂರನ್ನು ಹೊರತೆಗೆದು, ಧನುರ್ವಾಯುವಿನ ಚುಚ್ಚುಮದ್ದು ಕೊಟ್ಟರು. ಬಿಸಿನೀರು ನೋವನ್ನು ಇಳಿಸುತ್ತದೆಯೇ ಹೊರತು ವೈದ್ಯರ ಸ್ಥಾನವನ್ನು ತುಂಬುವುದಿಲ್ಲ. ಸಿಂಹಮೀನು, ಚೇಳುಮೀನು, ಕಲ್ಲುಮೀನು, ತೊರಕೆ ನಾಲ್ಕಕ್ಕೂ ಇದೇ ಪ್ರಥಮ ಚಿಕಿತ್ಸೆ. ಆದರೆ ತೊರಕೆಯ ಮುಳ್ಳು ಎದೆಗೋ ಹೊಟ್ಟೆಗೋ ಕುತ್ತಿಗೆಗೋ ನಾಟಿದ್ದರೆ ಅದನ್ನು ಕೀಳಲೇಬಾರದು. ಹಾಗೆಯೇ ಆಸ್ಪತ್ರೆಗೆ ಒಯ್ಯಬೇಕು.

ಜೆಲ್ಲಿ ಮೀನಿನ ವಿಚಾರದಲ್ಲಿ ಜನರಲ್ಲಿ ತಪ್ಪು ತಿಳಿವಳಿಕೆ ಬಹಳ. ತಗುಲಿದ ಜಾಗವನ್ನು ಮರಳಿನಿಂದ ಉಜ್ಜುವುದು, ಸಿಹಿನೀರಿನಿಂದ ತೊಳೆಯುವುದು, ಮೂತ್ರ ಹೊಯ್ಯುವುದು ಎಲ್ಲವೂ ವಿಷಕೋಶಗಳನ್ನು ಇನ್ನಷ್ಟು ಸಿಡಿಸಬಲ್ಲವು. ಕಡಲ ನೀರಿನಿಂದಲೇ ತೊಳೆದು, ಅಂಟಿದ ದಾರಗಳನ್ನು ಚಿಮಟದಿಂದ ಎತ್ತಿ ತೆಗೆದು, ಅನಂತರ ಬಿಸಿನೀರಿನ ಉಪಚಾರ ಮಾಡಬೇಕು. ವಿನಿಗರ್ ಬಾಕ್ಸ್ ಜೆಲ್ಲಿ ಮೀನಿಗೆ ಸಲ್ಲುವ ಔಷಧ. ಎಲ್ಲ ಜಾತಿಗೂ ಅದನ್ನೇ ಸುರಿಯುವಂತಿಲ್ಲ. ದಡಕ್ಕೆ ಬಂದು ಬಿದ್ದು ಸತ್ತಂತೆ ಕಾಣುವ ಜೆಲ್ಲಿ ಮೀನನ್ನು ಮಕ್ಕಳು ಕಡ್ಡಿಯಿಂದ ಕೆದಕಿ ಬೆರಳಿನಿಂದ ಮುಟ್ಟುವುದನ್ನು ತೀರದಲ್ಲಿ ಕಂಡು ಎರಡು ಸಲ ಗದರಿದೆ. ಸತ್ತ ಮೇಲೂ ಅದರ ವಿಷಕೋಶಗಳು ಕೆಲಸ ಮಾಡುತ್ತವೆ. ಚಿತ್ತಾರದ ಶಂಖಗಳ ಮಾತೂ ಹಾಗೆಯೇ. ಕೋನ್ ಎಂದು ಕರೆಯುವ ಶಂಕುವಿನಾಕಾರದ ಶಂಖದೊಳಗಿನ ಹುಳು ಜೀವಂತವಾಗಿದ್ದರೆ ಬಾಣದಂಥ ಹಲ್ಲನ್ನು ಚುಚ್ಚಬಲ್ಲದು. ಕೆಲವು ಜಾತಿಗಳ ವಿಷಕ್ಕೆ ಮನುಷ್ಯರು ಸತ್ತಿದ್ದಾರೆ. ನೀರಿನೊಳಗಿನ ಶಂಖವನ್ನು ಜೇಬಿಗೆ ಹಾಕಿಕೊಳ್ಳುವುದನ್ನು ಈ ಕಾರಣಕ್ಕಾದರೂ ಬಿಡಬೇಕು. ಹವಳವನ್ನು ಮುರಿದು ತರುವುದಂತೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧ.

ಮಕ್ಕಳನ್ನು ಕಳಿಸುವ ತಂದೆತಾಯಿಗಳು ಹಣ ಕಟ್ಟುವ ಮೊದಲು ಕೇಳಬೇಕಾದ ಪ್ರಶ್ನೆಗಳು ಕೆಲವಿವೆ. ನೀರಿನಲ್ಲಿ ಒಬ್ಬ ತರಬೇತುದಾರನಿಗೆ ಎಷ್ಟು ಮಂದಿ? ದೋಣಿಯಲ್ಲಿ ಆಮ್ಲಜನಕ ಇದೆಯೆ? ಬೆನ್ನಿಗೆ ಕಟ್ಟುವ ಸಿಲಿಂಡರಿನಲ್ಲಿರುವುದು ಸಾಮಾನ್ಯವಾಗಿ ಒತ್ತಿ ತುಂಬಿದ ಗಾಳಿ. ಚಿಕಿತ್ಸೆಯ ಆಮ್ಲಜನಕ ಬೇರೆಯೇ ಇರಬೇಕು. ಬಿಸಿನೀರು, ಚಿಮಟ, ಅಗಲ ಬ್ಯಾಂಡೇಜು ಇವೆಯೆ? ಆಸ್ಪತ್ರೆಗೆ ವಾಹನವೆಲ್ಲಿ? ಉಬ್ಬಸ, ಕಿವಿಯ ಬೇನೆ, ಹೃದ್ರೋಗಗಳಿದ್ದರೆ ವೈದ್ಯರ ಒಪ್ಪಿಗೆಯಿಲ್ಲದೆ ಇಳಿಯಕೂಡದು; ಅರ್ಜಿಯಲ್ಲಿ ಅದನ್ನು ಮುಚ್ಚಿಡುವುದು ತನಗೆ ತಾನೇ ಮಾಡಿಕೊಳ್ಳುವ ದ್ರೋಹ. ನಾನು ವಿಚಾರಿಸಿದ ಒಂದು ಸಂಸ್ಥೆಯವರು ಈ ಪ್ರಶ್ನೆಗಳಿಗೆ ಉತ್ತರಿಸದೆ, "ಏನೂ ಆಗಲ್ಲ ಸರ್, ವಿಡಿಯೋ ಫ್ರೀ ಕೊಡ್ತೀವಿ" ಎಂದರು. ಅವರನ್ನು ಅಲ್ಲಿಗೇ ಬಿಟ್ಟೆವು.

ಪ್ರಾಣಿಗಳಿಗೆ ಸಂಬಂಧಿಸಿರದಿದ್ದರೂ ನಮ್ಮ ಊರಿನವರು ಅವಶ್ಯ ತಿಳಿಯಬೇಕಾದ ಇನ್ನೊಂದು ವಿಷಯವಿದೆ. ಡೈವಿಂಗ್ ಮಾಡಿದ ನಂತರ ದೇಹದಲ್ಲಿ ಸೇರಿಕೊಂಡ ಸಾರಜನಕ ಹೊರಹೋಗಲು ಕಾಲ ಬೇಕು. ಒಂದು ಸಲ ಇಳಿದವರು ಕನಿಷ್ಠ 12 ಗಂಟೆ, ಹಲವು ಸಲ ಇಳಿದವರು ಕನಿಷ್ಠ 18 ಗಂಟೆ ವಿಮಾನವೇರಬಾರದೆಂದು ನಿಯಮ. ಎತ್ತರದ ಪ್ರದೇಶಕ್ಕೆ ರಸ್ತೆಯಲ್ಲಿ ಹೋಗುವವರಿಗೂ ಇದೇ ಎಚ್ಚರ ಬೇಕು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಮಧ್ಯಾಹ್ನ ನೇತ್ರಾಣಿಯಲ್ಲಿ ಮುಳುಗಿ, ಸಂಜೆಯೇ ಬಸ್ಸು ಹತ್ತಿ, ನಡುರಾತ್ರಿಗೆ ಘಟ್ಟದ ಮೇಲಿರುವುದು ನಮ್ಮ ತರುಣರ ರೂಢಿ. ಬೆಳಿಗ್ಗೆ ಕಚೇರಿಗೆ ಹೋಗಬೇಕೆಂಬ ಆತುರ. ನಾವೂ ಅಂದೇ ರಾತ್ರಿಗೆ ಆಸನಗಳನ್ನು ಕಾದಿರಿಸಿದ್ದೆವು. ತರಬೇತುದಾರನ ಮಾತು ಕೇಳಿ ಅವನ್ನು ರದ್ದುಮಾಡಿ, ಒಂದು ದಿನ ಮುರುಡೇಶ್ವರದಲ್ಲೇ ಉಳಿದೆವು. ವಿಜಯನಗರದ ಗೆಳೆಯರೂ ಉಳಿದರು. ಮರುದಿನ ಸಂಜೆ ಬಸ್ಸು ಹೊನ್ನಾವರ ಬಿಟ್ಟು ಗೇರುಸೊಪ್ಪೆಯ ತಿರುವುಗಳನ್ನು ಏರತೊಡಗಿದಾಗ ಹುಡುಗಿ ನೀರಿನಿಂದ ಮೇಲೆ ಬಂದು 30 ಗಂಟೆ ಮೀರಿತ್ತು. ಮುಂದಿನ ಆಸನದಲ್ಲಿದ್ದ ತರುಣನ ಬೆರಳುಗಳ ಬಾವು ಇನ್ನೂ ಪೂರ್ತಿ ಇಳಿದಿರಲಿಲ್ಲ. ಇನ್ನೊಂದು ಕೈಯಿಂದ ಅವನು ನನ್ನ ಮೊಮ್ಮಗಳಿಗೆ ತಾನು ತೆಗೆಸಿಕೊಂಡ ಆ ಛಾಯಾಚಿತ್ರವನ್ನು ತೋರಿಸುತ್ತಿದ್ದ. ಅಂಗೈ ಊರಿದ್ದ ಕಡೆ ನಾವಿಬ್ಬರೂ ಎಷ್ಟು ಹುಡುಕಿದರೂ ಮೀನು ಕಾಣಲಿಲ್ಲ.